ಜುಲೈ ತಿಂಗಳ ಕತ್ತಿ ಕುಣಿತ

ಸಂಜೆ ಕೆಲಸದಿಂದ ಬಂದು ಬಾಗಿಲು ತೆರೆದರೆ, ಮಗಳು ನಿಹಾಲಾ ಬಿರಿಯಾನಿಯ ಎರಡು ಉದ್ದ ಸೌಟುಗಳನ್ನು ನೆಲದ ಮೇಲೆ ಅಡ್ಡಡ್ಡ ಇಟ್ಟು ತುದಿಗಾಲಲ್ಲಿ ಅವುಗಳ ಸುತ್ತ ಕುಣಿಯುತ್ತಿದ್ದಳು. ಸೌಟಿಗೆ ಕಾಲು ತಾಗಿದರೆ ಸೋತ ಹಾಗೆ. ಅದು ಸ್ಕಾಟ್ಲೆಂಡಿನ ಕತ್ತಿ ಕುಣಿತವಂತೆ. ಉಳ್ಳಾಲದ ಬ್ಯಾರಿ ಮನೆಯ ಹುಡುಗಿಗೆ ಅದನ್ನು ಅಂಟಿಸಿದವರು ಶಾಲೆಯ ಸ್ಕಾಟಿಷ್ ಟೀಚರ್ ಐಲ್ಸಾ ಮಿಸ್.

ಕುಣಿಯಲು ಜಾಗವಾದರೂ ಎಲ್ಲಿದೆ? ಅಬುಧಾಬಿಯ ಟೂರಿಸ್ಟ್ ಕ್ಲಬ್ ಏರಿಯಾದಲ್ಲಿ ನಮ್ಮದು 'ಪಾರ್ಟಿಶನ್', ಅಂದರೆ ಫ್ಲ್ಯಾಟಿನ ಹಾಲಿಗೆ ಪ್ಲೈವುಡ್ ಅಡ್ಡ ಹೊಡೆದು ಮಾಡಿದ ಮನೆ. ಊರಲ್ಲಿ ಪಕ್ಕದ ಮನೆಯವರನ್ನು ಕರೆಯಲು ಅಂಗಳಕ್ಕಿಳಿದು ಕೂಗಬೇಕಿತ್ತು. ಇಲ್ಲಿ ಆಚೆಯವರು ಸೀನಿದರೆ ಈಚೆಯಿಂದಲೇ ದುವಾ ಹೇಳಿ ಹಾರೈಸುತ್ತೇನೆ. ಸರ್ಕಾರ ಬಡಾವಣೆಗೆ ಅಲ್ ಜಾಹಿಯಾ ಎಂದು ಹೊಸ ಹೆಸರಿಟ್ಟಿದೆ, ನಮ್ಮ ಬಾಯಿಗೆ ಮಾತ್ರ ಹಳೆಯದೇ ರೂಢಿ.

ಆ ವರ್ಷ ಇಲ್ಲಿನ ಸ್ಕಾಟಿಷ್ ಜನ ತಮ್ಮ ಬೇಸಿಗೆ ಹಬ್ಬ ಮಾಡಲು ಹೊರಟರು. ಅವರ ಊರಿನ ಬೇಸಿಗೆಯೆಂದರೆ ಹುಲ್ಲುಗಾವಲು, ತಂಗಾಳಿ. ಇಲ್ಲಿನ ಜುಲೈಯಲ್ಲಿ ಬಸ್‌ಸ್ಟಾಪಿನವರೆಗೆ ನಡೆದರೆ ಚಪ್ಪಲಿ ಮೆತ್ತಗಾಗುತ್ತದೆ. ಆದರೂ ಬೇಸಿಗೆಯ ಹಬ್ಬ ಬೇಸಿಗೆಯಲ್ಲೇ ಆಗಬೇಕೆಂದು ಅವರ ಸಂಘದ ಅಧ್ಯಕ್ಷ ಗ್ರಹಾಂ ಹಟ ಹಿಡಿದಿದ್ದರು. ಹೋಟೆಲಿನ ಹಾಲ್ ಬುಕ್ ಆಯಿತು. ನಿಹಾಲಾಳನ್ನು ಅಲ್ಲಿ ಕುಣಿಸುವ ಆಸೆಯಿಂದ ತಯಾರಿಯ ಸಭೆಗೆ ಐಲ್ಸಾ ಮಿಸ್ ನಮ್ಮಿಬ್ಬರನ್ನೂ ಕರೆದುಕೊಂಡು ಹೋದರು.

"ವೇದಿಕೆಯಲ್ಲಿ ನಮ್ಮ ಮನೆಗಳ ಮಕ್ಕಳಿರಲಿ," ಎಂದರು ಗ್ರಹಾಂ, ನಯವಾಗಿಯೇ. "ನಿಮ್ಮ ಮಗಳು ನಿಮ್ಮ ಉಡುಪಿನಲ್ಲಿ ಬಾಗಿಲ ಬಳಿ ಹೂ ಕೊಡಲಿ. ಚೆಂದ ಕಾಣುತ್ತದೆ."

ನಿಹಾಲಾ ತಲೆ ತಗ್ಗಿಸಿದಳು. ನನಗೆ ಮೈಯೆಲ್ಲ ಉರಿದುಹೋಯಿತು.

"ಜುಲೈಯಲ್ಲಿ ನಿಮ್ಮ ಮನೆಗಳ ಮಕ್ಕಳು ಎಲ್ಲಿರುತ್ತಾರೆ?" ಎಂದು ಕೇಳಿದೆ. ಶಾಲೆ ಮುಚ್ಚಿದ ಮರುದಿನವೇ ಅವರೆಲ್ಲ ವಿಮಾನ ಹತ್ತುತ್ತಾರೆ. "ನಾವು ಎಲ್ಲಿಗೂ ಹೋಗುವುದಿಲ್ಲ. ನೀವು ಬಿಟ್ಟುಹೋದ ಸೆಖೆಯಲ್ಲಿ ಇಲ್ಲಿ ಬದುಕುವವರು ನಾವು. ಇದು ನಮ್ಮ ಊರು. ನನ್ನ ಮಗಳು ಬಾಗಿಲಲ್ಲಿ ನಿಲ್ಲುವುದಿಲ್ಲ."

ಐಲ್ಸಾ ಮಿಸ್ ನಕ್ಕರು. "ರಜೆಯಲ್ಲಿ ಇಲ್ಲೇ ಉಳಿಯುವ ನನ್ನ ಶಿಷ್ಯೆಯರಲ್ಲಿ ಒಬ್ಬಳು ಫಿಲಿಪಿನೊ, ಒಬ್ಬಳು ಸುಡಾನಿ, ಮತ್ತೆ ಇವಳು. ಇವರು ಕುಣಿಯದಿದ್ದರೆ ನೀವೇ ಕುಣಿಯಬೇಕು, ಗ್ರಹಾಂ." ಅಲ್ಲಿಗೆ ಖಲಾಸ್, ಮಾತು ಮುಗಿಯಿತು.

ಅವರ ಪದ್ಧತಿಯಲ್ಲಿ ಕುಣಿಯುವ ಮುಂಚೆ ಹೆಸರಿನ ಜೊತೆ ಊರನ್ನೂ ಹೇಳಬೇಕು. ಹಬ್ಬದ ದಿನ ಮಗಳ ಕೂದಲು ಕಟ್ಟುತ್ತಾ ಹೇಳಿದೆ, "ಉಳ್ಳಾಲ ಅಂತ ಗಟ್ಟಿ ಹೇಳು, ಆಯ್ತಾ? ಉಪ್ಪಾನಿಗೆ ವಿಡಿಯೊ ಕಳಿಸ್ಲಿಕ್ಕುಂಟು." ಉಪ್ಪಾ ಎಂದರೆ ಊರಲ್ಲಿರುವ ನನ್ನ ಅಪ್ಪ.

"ಉಮ್ಮಾ, ಐ ಗೋ ದೇರ್ ಓನ್ಲಿ ಫಾರ್ ವೆಡ್ಡಿಂಗ್ಸ್."

"ಬಾಯಿ ಮುಚ್ಚು ಮಾರಾಯ್ತಿ. ಹೇಳಿದಷ್ಟು ಹೇಳು."

ಚೌಕಳಿ ಲಂಗದ ಕೆಳಗೆ ಕಪ್ಪು ಲೆಗ್ಗಿಂಗ್ಸ್ ತೊಟ್ಟು ಅವಳು ವೇದಿಕೆಗೆ ಬಂದಳು. ನೆಲದ ಮೇಲೆ ನಿಜವಾದ ಕತ್ತಿಗಳಿದ್ದವು. ಗ್ರಹಾಂ ಮೈಕ್ ಹಿಡಿದು ಹೆಸರು, ಊರು ಕೇಳಿದರು.

"ನಿಹಾಲಾ. ಟೂರಿಸ್ಟ್ ಕ್ಲಬ್ ಏರಿಯಾ."

ಹಾಲಿಗೆ ಹಾಲೇ ನಕ್ಕು ಚಪ್ಪಾಳೆ ತಟ್ಟಿತು. ಅವಳು ನಗಲಿಲ್ಲ. ಬ್ಯಾಗ್‌ಪೈಪಿನ ಸದ್ದಿಗೆ ಕುಣಿದಳು, ಕತ್ತಿಗೆ ಕಾಲು ತಾಗಿಸಲಿಲ್ಲ. ನನಗೆ ಹೆಮ್ಮೆಯೂ ಆಯಿತು, ಹೆದರಿಕೆಯೂ ಆಯಿತು. ಗಂಡನ ನೌಕರಿ ಹೋದರೆ ವೀಸಾ ಹೋಗುತ್ತದೆ, ವೀಸಾ ಹೋದರೆ ಈ ಊರೂ ಇಲ್ಲ. ಇದು ನಮ್ಮ ಊರು ಎಂದು ಸಭೆಯಲ್ಲಿ ನಾನು ಅಂದದ್ದು ವಾದ ಗೆಲ್ಲಲು. ಪಕ್ಕದಲ್ಲಿ ಕೂತಿದ್ದ ಮಗಳು ಅದನ್ನು ನಂಬಿಬಿಟ್ಟಿದ್ದಳು.

ಉಳ್ಳಾಲದ ಹೆಸರಿಲ್ಲದ ಆ ವಿಡಿಯೊವನ್ನು ಉಪ್ಪಾನಿಗೆ ಇನ್ನೂ ಕಳಿಸಿಲ್ಲ. ಆದರೆ ಸಭೆಯಲ್ಲಿ ಆಡಿದ ಮಾತನ್ನು ನಾನು ವಾಪಸು ತೆಗೆದುಕೊಳ್ಳುವವಳಲ್ಲ.