ತಲೆಕೆಳಗಾದ ಆರು

ಮೊನ್ನೆ ಗೇಟಿನ ಚಿಲಕ ರಿಪೇರಿಗೆ ಬಂದವನು ಅರ ಉಜ್ಜಿ ಹೋದ. ಆ ಕಬ್ಬಿಣದ ಪುಡಿಯ ವಾಸನೆ ಎಷ್ಟೋ ವರ್ಷಗಳ ಮೇಲೆ ಮೂಗಿಗೆ ಬಡಿದದ್ದೇ ತಡ, ಐಟಿಐನಲ್ಲಿ ನನ್ನ ಪಕ್ಕದ ಕೆಲಸದ ಬೆಂಚಿಗೆ ನಿಲ್ಲುತ್ತಿದ್ದ, ನಾವೆಲ್ಲ ಅಕ್ಕ ಅನ್ನುತ್ತಿದ್ದ ಹೆಂಗಸು ನೆನಪಾದಳು. ಹಿಂದೆಯೇ ನನ್ನ ಮೇಲೆ ನನಗೇ ಹೇಸಿಗೆಯಾಯಿತು.

ತೊಂಬತ್ತರ ದಶಕದ ಕೊನೆ. ಕೃಷ್ಣರಾಜಪುರದ ಒಂದು ಖಾಸಗಿ ಐಟಿಐ, ಫಿಟ್ಟರ್ ಟ್ರೇಡು. ನಾವೆಲ್ಲ ಹದಿನೆಂಟರ ಹುಡುಗರು. ಅವಳಿಗೆ ಇಪ್ಪತ್ತೆಂಟಿರಬೇಕು, ಗಂಡ ಇರಲಿಲ್ಲ. ಬೆಳಿಗ್ಗೆ ಒಂದು ವರ್ಕ್‌ಶಾಪಿನಲ್ಲಿ ಕಸ ಗುಡಿಸಿ, ಮಧ್ಯಾಹ್ನ ಕ್ಲಾಸಿಗೆ ಬರುತ್ತಿದ್ದಳು. ಪಾಸಾದರೆ ಪೊರಕೆ ಬಿಡಿಸಿ ಬೆಂಚಿಗೆ, ಫಿಟ್ಟರ್ ಕೆಲಸಕ್ಕೆ, ಹಾಕಿಕೊಳ್ತೀನಿ ಅಂತ ಓನರು ಮಾತು ಕೊಟ್ಟಿದ್ದರಂತೆ. ಬಸ್ಸಿಗೆ ದುಡ್ಡಿಲ್ಲದೆ ಕಗ್ಗದಾಸಪುರದಿಂದ ನಡೆದೇ ಬರುವಳು. ಶೂ ಇಲ್ಲದಿದ್ದರೆ ಒಳಗೆ ಬಿಡುತ್ತಿರಲಿಲ್ಲ. ಸತ್ತ ಗಂಡನ ಶೂಗೆ ಬಟ್ಟೆ ತುರುಕಿ ಹಾಕಿಕೊಳ್ಳುತ್ತಿದ್ದಳು. ವರ್ಕ್‌ಶಾಪಿನವರು ಬಿಸಾಕಿದ ಸವೆದ ಅರಗಳನ್ನು ತಂತಿ ಬ್ರಷ್ಷಿನಲ್ಲಿ ತಿಕ್ಕಿ, ಸೀಮೆಸುಣ್ಣ ಬಳಿದು... ಅದರಲ್ಲೇ ನಮ್ಮೆಲ್ಲರಿಗಿಂತ ನಯವಾಗಿ ಉಜ್ಜುತ್ತಿದ್ದಳು. ನಾವು ನಗುತ್ತಿದ್ದೆವು. ನಮ್ಮ ಮುಖಕ್ಕಿಷ್ಟು!

ಕೊನೆಯ ಪ್ರಾಕ್ಟಿಕಲ್‌ನಲ್ಲಿ ಎರಡು ಕಬ್ಬಿಣದ ತುಂಡು ಉಜ್ಜಿ ಒಂದರೊಳಗೊಂದು ಕೂರಿಸಬೇಕಿತ್ತು. ಅವಳದನ್ನು ಬೆಳಕಿಗೆ ಹಿಡಿದರೆ ಸಂದಿಯೇ ಕಾಣದು. ನನ್ನದರಲ್ಲಿ ಇಲಿ ನುಗ್ಗಬಹುದಿತ್ತು. ಮುಗಿದ ಮೇಲೆ ಮೇಷ್ಟ್ರು ತುದಿಯಲ್ಲಿ ಅಂಕಿ ಇರುವ ಉಕ್ಕಿನ ಪಂಚು ಇಟ್ಟು, ಸುತ್ತಿಗೆಯಿಂದ ಒಬ್ಬೊಬ್ಬರದಕ್ಕೂ ಅವರವರ ರೋಲ್ ನಂಬರು ಹೊಡೆಯುತ್ತಿದ್ದರು. ಅವಳದು ಹದಿನಾರು, ನನ್ನದು ಹತ್ತೊಂಬತ್ತು. ನಮ್ಮ ಪಂಚಿನ ಸೆಟ್ಟಿನಲ್ಲಿ ಒಂಬತ್ತೇ ಇರಲಿಲ್ಲ, ಆರನ್ನೇ ತಲೆಕೆಳಗೆ ಹಿಡಿದು ಹೊಡೆಯಬೇಕು. ಮೇಷ್ಟ್ರು ಅವಳ ಕಬ್ಬಿಣದ ಮೇಲೆ ಆರನ್ನು ತಿರುಗಿಸಿ ಹೊಡೆದರು, ನನ್ನದರ ಮೇಲೆ ನೆಟ್ಟಗೆ. ಅವಳ ತುಂಡು ನನ್ನ ಹತ್ತೊಂಬತ್ತಾಯಿತು, ನನ್ನದು ಅವಳ ಹದಿನಾರು. ಹಿಂದಿನ ವಾರವಷ್ಟೇ ನಮ್ಮಪ್ಪ ಮೇಷ್ಟ್ರ ಮನೆಗೆ ಹೊಸ ಮಿಕ್ಸಿ ಕಳಿಸಿದ್ದರು.

"ಸಾರ್, ಪಂಚ್ ಉಲ್ಟಾ ಬಿತ್ತು. ಅದು ನಂದು ಸಾರ್."

"ಕಸ ಗುಡಿಸೋಳು ನಂಗೆ ಪಂಚ್ ಹೊಡಿಯೋದು ಕಲಿಸ್ತೀಯೇನಮ್ಮಾ?"

ಅವಳು ನನ್ನ ಕಡೆ ತಿರುಗಿದಳು. "ನೀನು ಪಕ್ಕದಲ್ಲೇ ಇದ್ಯಲ್ಲ ತಮ್ಮಾ, ಹೇಳು."

"ನಂಗೊತ್ತಿಲ್ಲ ಅಕ್ಕ," ಅಂದೆ. ಥೂ! ಆ ನಾಲಿಗೆಯಲ್ಲೇ ಇವತ್ತಿಗೂ ಊಟ ಮಾಡ್ತಿದ್ದೀನಿ.

ನಾನು ಪಾಸಾದೆ, ಅವಳು ಫೇಲು. ಅವಳ ವರ್ಕ್‌ಶಾಪಿನ ಬೆಂಚಿಗೆ ಓನರು ಸರ್ಟಿಫಿಕೇಟ್ ಇದ್ದವನನ್ನೇ ತಗೊಂಡರು. ಆ 'ಇದ್ದವನು' ನಾನೇ. ಅವಳು ಬೈಯಲಿಲ್ಲ. ಮರುವರ್ಷ ಮತ್ತೆ ಫೀಸು ಹೊಂದಿಸಿ, ಮತ್ತೆ ಉಜ್ಜಿ, ಪಾಸೂ ಆದಳು. "ಜಾಗ ಇಲ್ಲಮ್ಮ" ಅಂದರು ಓನರು. ಜಾಗದಲ್ಲಿ ನಾನು ಕೂತಿದ್ದೆನಲ್ಲ... ದಿನಾ ಸಂಜೆ ನನ್ನ ಬೆಂಚಿನಡಿ ನಾನು ಉದುರಿಸಿದ ಪುಡಿ ಗುಡಿಸಲು ಬರುತ್ತಿದ್ದಳು. "ಸ್ವಲ್ಪ ಕಾಲೆತ್ತು ತಮ್ಮಾ" ಅನ್ನುತ್ತಿದ್ದಳು, ಅಷ್ಟೇ.

ಒಂದು ದಿನ ಬರುವುದನ್ನು ನಿಲ್ಲಿಸಿದಳು. ನಾನು ವಿಚಾರಿಸಲಿಲ್ಲ, ನಿಜ ಹೇಳಬೇಕೆಂದರೆ, ಪೀಡೆ ತೊಲಗಿತು ಅನಿಸಿತ್ತು.

ಮೊನ್ನೆ ಆ ವಾಸನೆ ಬಡಿದ ಮೇಲೆ ತಡೆಯಲಾರದೆ ಕಗ್ಗದಾಸಪುರಕ್ಕೆ ಹೋಗಿ ಕೇಳಿದೆ. ತೀರಿಕೊಂಡು ಎಂಟು ವರ್ಷವಾಯಿತಂತೆ. ಪಕ್ಕದ ಮನೆಯವರು, "ನೀವು ಯಾರಾಗ್ಬೇಕು?" ಅಂದರು.

"ಜೊತೇಲಿ ಓದಿದ್ವಿ" ಅಂದೆ. ಮೊನ್ನೆಯೂ ನಿಜ ಬಾಯಿಗೆ ಬರಲಿಲ್ಲ.