ಸೀಬೆ ಗಿಡದ ಬುಡದ ಜಾಲಿಮುಳ್ಳು

ನಮ್ಮ ಮಾದಿಹಳ್ಳಿಯಲ್ಲಿ ಒಬ್ಬರಾದ ಮೇಲೆ ಒಬ್ಬರು ಹೆಂಚು ಇಳಿಸಿ ಮೋಲ್ಡ್ ಹಾಕಿಸುತ್ತಿದ್ದ ಕಾಲ ಅದು. ನಾನು ಐದನೇ ಕ್ಲಾಸು. ತಂಗಿ ಚಿನ್ನುವಿಗೆ ಇನ್ನೂ ಐದು ತುಂಬಿರಲಿಲ್ಲ. ನಮ್ಮ ಮನೆಗೂ ಮೋಲ್ಡ್ ಬಂತು. ಹಸಿ ಸಿಮೆಂಟಿನ ವಾಸನೆ, ಹೊಸ ಬಾಗಿಲಿನ ವಾರ್ನಿಷ್ ವಾಸನೆ ನಮಗೆಲ್ಲ ಹಬ್ಬವಾಗಿದ್ದರೆ ಅಜ್ಜಿಯೊಬ್ಬಳ ಮುಖ ಮಾತ್ರ ಸಪ್ಪಗಿತ್ತು. ಹಳೆಯ ಮನೆಯ ಹೆಂಚಿನ ಸಂದಿಯಲ್ಲಿದ್ದ ಗುಬ್ಬಿಗಳು ಬೆಳಗಾಗುತ್ತಲೇ ಅವಳನ್ನು ಎಬ್ಬಿಸುತ್ತಿದ್ದವು. ಮೋಲ್ಡಿನಲ್ಲಿ ಸಂದಿ ಎಲ್ಲಿಂದ ಬರಬೇಕು? ಹೆಂಚು ಇಳಿದ ದಿನವೇ ಗುಬ್ಬಿಗಳೂ ಹೋದವು.

"ಅಲಾರಾಂ ಗಡಿಯಾರ ತಂದ್ಕೊಡ್ತೀನಿ ಬಿಡವ್ವ" ಅಂದರು ಅಪ್ಪ.

"ನಿನ್ನ ಗಡಿಯಾರ ಬಂದು ನಾನಾಕಿದ ನುಚ್ಚು ತಿಂತದೇನ್ಲಾ?" ಅಂದಳು ಅಜ್ಜಿ.

ಅಪ್ಪ ನಕ್ಕು ಹಾಲಿನ ಕ್ಯಾನು ಎತ್ತಿಕೊಂಡು ಡೇರಿಗೆ ಹೋದರು. ನನಗೆ ನಗು ಬರಲಿಲ್ಲ. ಅಜ್ಜಿಯ ಕಣ್ಣಿಗೆ ಪೊರೆ ಬಂದಿತ್ತು. ಗುಬ್ಬಿಗಳನ್ನು ಅವಳು ನೋಡುತ್ತಿದ್ದಳು ಅನ್ನುವುದಕ್ಕಿಂತ ಕೇಳುತ್ತಿದ್ದಳು ಅನ್ನಬೇಕು. "ಯುಗಾದಿ ಒಳಗೆ ಗುಬ್ಬಿ ತರುಸ್ತೀನಿ ಕಣಜ್ಜಿ" ಎಂದು ಮಾತು ಕೊಟ್ಟೆ. ಆಗ ತಾನೆ ಸಂಕ್ರಾಂತಿ ಕಳೆದಿತ್ತು. ಎಳ್ಳು ಬೆಲ್ಲದ ಡಬ್ಬಿ ಇನ್ನೂ ಖಾಲಿಯಾಗಿರಲಿಲ್ಲ.

ಮೊದಲು ಬಾಗಿಲ ಮೇಲೆ ಹೊಸ ರಾಗಿಯ ತೆನೆಗಳನ್ನು ಗೊಂಚಲು ಮಾಡಿ ಕಟ್ಟಿದೆ. ಅಳಿಲು ಬಂದು ತಿಂದುಹೋಯಿತು. ತೆಂಗಿನ ಚಿಪ್ಪಿನಲ್ಲಿ ನೀರಿಟ್ಟೆ. ಕಾಗೆ ಎಲ್ಲಿಂದಲೋ ಕೋಳಿಯ ಕರುಳು ತಂದು ಅದರಲ್ಲಿ ಅದ್ದಿಟ್ಟು ಹೋಯಿತು. ಅಮ್ಮನ ಬೈಗುಳ ನನಗೆ. ಕೊನೆಗೆ ಅಜ್ಜಿಯೇ ತನ್ನ ಹಳೆಯ ತುಪ್ಪದ ಕುಡಿಕೆ ಕೊಟ್ಟಳು. ಅದರೊಳಗೆ ಒಂದಿಷ್ಟು ಒಣಹುಲ್ಲು ತುರುಕಿ, ಹಿತ್ತಲ ಕಡೆ ಸಜ್ಜದ ಕೆಳಗಿನ ಕೊಕ್ಕೆಗೆ ಅಡ್ಡಡ್ಡ ಕಟ್ಟಿದೆವು. ಕೆಳಗೆ ನುಚ್ಚು ಚೆಲ್ಲಿದೆವು. ಎಂಟು ಹತ್ತು ದಿನದಲ್ಲಿ ಒಂದು ಜೋಡಿ ಬಂತು. ಕುಡಿಕೆಯ ಬಾಯಲ್ಲಿ ಗಂಡುಗುಬ್ಬಿ ಕೂತು ಕೂಗಿದ ಬೆಳಿಗ್ಗೆ ಅಜ್ಜಿ ಹಾಸಿಗೆಯಿಂದಲೇ "ಪವೀ, ಬಂತು ಕಣೇ!" ಎಂದು ಕೂಗಿದ್ದು ಪಕ್ಕದ ಮನೆಗೂ ಕೇಳಿಸಿತು.

ಪಕ್ಕದ ಮನೆಯಲ್ಲಿದ್ದದ್ದೇ ಕೆಂಚ. ಸಾಕಮ್ಮತ್ತೆ ಸಾಕಿದ ಕೆಂದು ಬಣ್ಣದ ಗಡವ ಬೆಕ್ಕು.

ನಮ್ಮ ಹಿತ್ತಲಿನ ಸೀಬೆ ಗಿಡದ ಒಂದು ಕೊಂಬೆ ಸಜ್ಜದ ಹತ್ತಿರಕ್ಕೇ ಬಾಗಿತ್ತು. ಕೆಂಚ ಗಿಡ ಹತ್ತಿ ಆ ಕೊಂಬೆಯ ಮೇಲೆ ಮಲಗಿ ಕುಡಿಕೆಯನ್ನೇ ದಿಟ್ಟಿಸುತ್ತಿದ್ದ. ಕೊಂಬೆ ಕಡಿಯೋಣವೆಂದರೆ ಅಮ್ಮ ಬಿಡಲಿಲ್ಲ, ಅದರಲ್ಲಿ ಹೂ ಬಿಟ್ಟಿತ್ತು. ಅಪ್ಪ ಹೊಲದ ಬೇಲಿಯಿಂದ ಒಂದು ಹೊರೆ ಜಾಲಿಮುಳ್ಳು ತಂದು ಗಿಡದ ಕಾಂಡಕ್ಕೆ ಸುತ್ತಿ ಕಟ್ಟಿದರು. ಮಿಕ್ಕದ್ದನ್ನು ಬುಡದ ಸುತ್ತ ಮೊಣಕಾಲೆತ್ತರ ಒಟ್ಟಿದರು. ಕೆಂಚ ಗಿಡ ಹತ್ತುವುದು ನಿಂತಿತು. ಅದರ ಬದಲು ನುಚ್ಚು ತಿನ್ನಲು ಇಳಿದ ಗುಬ್ಬಿಯನ್ನು ನೆಲದ ಮೇಲೇ ಹಿಡಿದ. ಗಂಡುಗುಬ್ಬಿ. ಹಿತ್ತಲಲ್ಲಿ ನಾಲ್ಕು ಪುಕ್ಕ ಬಿದ್ದಿದ್ದವು.

ನಾನು ಎರಡು ದಿನ ಸರಿಯಾಗಿ ಊಟ ಮಾಡಲಿಲ್ಲ. ಮೂರನೆಯ ದಿನ ಇನ್ನೊಂದು ಗಂಡು ಬಂದು ಹೆಣ್ಣಿನ ಜೊತೆ ಸೇರಿತು ಅನ್ನುವುದು ಬೇರೆ ಮಾತು. ಅಷ್ಟರಲ್ಲಿ ಕೆಂಚನನ್ನು ದೂರ ಬಿಟ್ಟುಬರೋಣವೆಂದು ನಾನು ಅಪ್ಪನ ತಲೆ ತಿಂದು ಒಪ್ಪಿಸಿಯಾಗಿತ್ತು. ಹರಿಯುವ ನೀರು ದಾಟಿಸಿ ಬಿಟ್ಟ ಬೆಕ್ಕಿಗೆ ಹಿಂದಿರುಗುವ ದಾರಿ ಸಿಗುವುದಿಲ್ಲ ಎಂದು ನಮ್ಮ ಕಡೆ ಎಲ್ಲರೂ ನಂಬುತ್ತಾರೆ. ಅಪ್ಪ ಹಿಂಡಿ ತರಲು ಹಗರೆಗೆ ಹೊರಟಿದ್ದರು. ಸಾಕಮ್ಮತ್ತೆ ಹೊಲಕ್ಕೆ ಹೋದದ್ದನ್ನು ನೋಡಿಕೊಂಡು, ಒಣಮೀನಿನ ಆಸೆ ತೋರಿಸಿ ಕೆಂಚನನ್ನು ಗೋಣಿಚೀಲಕ್ಕೆ ಹಾಕಿದೆವು. ನಾನು ಮೊಪೆಡ್ಡಿನ ಹಿಂದೆ ಚೀಲ ತಬ್ಬಿಕೊಂಡು ಕೂತೆ. ಚೀಲದೊಳಗಿನಿಂದ ಬಂದ ಕೂಗು ನನ್ನ ಹೊಟ್ಟೆಗೇ ತಗುಲುತ್ತಿತ್ತು.

ಹಳ್ಳದ ಸೇತುವೆಯ ಹತ್ತಿರ ಅಪ್ಪ ಗಾಡಿ ನಿಲ್ಲಿಸಿದರು. ಹಳ್ಳದಲ್ಲಿ ಒಂದು ಹನಿ ನೀರಿರಲಿಲ್ಲ.

"ನೀರೇ ಇಲ್ವಲ್ಲೇ ಪವಿ. ಈಗೇನ್ಮಾಡದು?"

ನಾನು ಸ್ಕೂಲಿಗೆ ಒಯ್ಯುವ ಬಾಟಲಿಯ ನೀರನ್ನು ಒಣ ಹಳ್ಳದ ಮರಳಿಗೆ ಅಡ್ಡಲಾಗಿ ಸುರಿದೆ. ಅಪ್ಪ ಬಿದ್ದು ಬಿದ್ದು ನಕ್ಕರು. ನಕ್ಕರೂ ಆ ಒದ್ದೆ ಗೆರೆಯ ಮೇಲೆಯೇ ಚೀಲ ದಾಟಿಸಿ, ಮೂರು ಸುತ್ತು ತಿರುಗಿಸಿ, ಬಾಯಿ ಬಿಚ್ಚಿದರು. ಕೆಂಚ ಒಂದು ಕ್ಷಣ ನಮ್ಮನ್ನು ನೋಡಿ, ಲಾಂಟಾನದ ಪೊದೆಯೊಳಗೆ ಹೋದ. ಮತ್ತೆ ಬರಲಿಲ್ಲ.

ಸಾಕಮ್ಮತ್ತೆ ಸಂಜೆ ಸಂಜೆ ಬೀದಿಯಲ್ಲಿ ನಿಂತು ಕರೆಯುತ್ತಿದ್ದರು. "ನಮ್ ಕೆಂಚನ್ನ ಎಲ್ಲಾರ ಕಂಡ್ಯೇನೇ ಪವಿ?"

"ಇಲ್ಲ ಅತ್ತೆ."

"ಎಲ್ಲೋಯ್ತೋ ಮುಂಡೇದು. ಹಾಲು ಹಂಗೇ ಐತೆ."

ನನಗೆ ತಪ್ಪು ಅನ್ನಿಸಿದರೂ, ನಿಜ ಹೇಳುವಷ್ಟು ಅಲ್ಲ. ಏಕೆಂದರೆ ಕುಡಿಕೆಯೊಳಗೆ ಮರಿಗಳ ಸದ್ದು ಕೇಳಿಸತೊಡಗಿತ್ತು. ಬಲಬದಿಯ ಮೋಟು ಗೋಡೆಯ ಮೇಲೆ ಪಿಕಳಾರ ಬರುತ್ತಿತ್ತು, ಗೊರವಂಕ ಬರುತ್ತಿತ್ತು. ನಾನು ಒಂದು ಹಿಡಿ ಹಾಕುವಲ್ಲಿ ನಾಲ್ಕು ಹಿಡಿ ನುಚ್ಚು ಹಾಕುತ್ತಿದ್ದೆ. "ಇಲಿ ಕಾಟ ಜಾಸ್ತಿ ಆಗೈತೆ, ನುಚ್ಚು ಕಮ್ಮಿ ಹಾಕೇ" ಎಂದು ಅಮ್ಮ ಹೇಳಿದ್ದು ಎಷ್ಟು ಸಲವೋ. ಇಲಿಗಳು ಜಾಲಿಮುಳ್ಳಿನ ಒಟ್ಟಿಲಿನಿಂದ ಹೊರಬಂದು ನುಚ್ಚು ತಿಂದು ಅಲ್ಲಿಗೇ ಓಡಿಹೋಗುತ್ತಿದ್ದವು. ನಾನೇ ನೋಡಿದ್ದೇನೆ. ನೋಡಿ ನಕ್ಕಿದ್ದೇನೆ. ಇಲಿ ಇದ್ದಲ್ಲಿಗೆ ಏನು ಬರುತ್ತದೆ ಎಂದು ಹಳ್ಳಿಯ ಹುಡುಗಿಗೆ ಯಾರೂ ಹೇಳಿಕೊಡಬೇಕಾಗಿಲ್ಲ. ಗೊತ್ತಿತ್ತು, ಆದರೆ ಹೊಳೆಯಲಿಲ್ಲ. ಇವತ್ತಿಗೂ ನನಗೆ ಸಿಟ್ಟು ಬರುವುದು ಇದಕ್ಕೇ.

ಯುಗಾದಿಗೆ ಇನ್ನು ನಾಲ್ಕೈದು ದಿನ ಇತ್ತು. ಭಾನುವಾರ, ಮಧ್ಯಾಹ್ನಕ್ಕೆ ಮುಂಚೆ. ನಾನು ಹಿತ್ತಲ ಮೆಟ್ಟಿಲ ಮೇಲೆ ಕೂತು ಹುಣಸೆಹಣ್ಣಿನ ಬೀಜ ಬಿಡಿಸುತ್ತಿದ್ದೆ. ಕೈಯೆಲ್ಲ ಅಂಟು, ಮೂಗಿನ ತುಂಬ ಹುಳಿ ವಾಸನೆ. ಆಗಾಗ ಒಂದು ಚೂರನ್ನು ಉಪ್ಪಿಗೆ ಅದ್ದಿ ಬಾಯಿಗೆ ಹಾಕಿಕೊಳ್ಳುತ್ತಿದ್ದೆ. ಒಂದು ಮರಿ ಕುಡಿಕೆಯಿಂದ ಜಾರಿ, ರೆಕ್ಕೆ ಬಡಿಯುತ್ತ ಹೋಗಿ ಸೀಬೆ ಬುಡದ ಜಾಲಿಮುಳ್ಳಿನ ಒಳಗೆ ಬಿತ್ತು. "ಅಕ್ಕ, ನಾನು ಎತ್ಕೊಡ್ತೀನಿ" ಎಂದು ಚಿನ್ನು ಓಡಿದಳು. ನೆಲದ ಮೇಲೆ ಬೋರಲು ಮಲಗಿ, ಮುಳ್ಳಿನ ಸಂದಿಯೊಳಗೆ ಮೊಣಕೈವರೆಗೆ ಕೈ ತೂರಿಸಿದಳು.

ಗುಬ್ಬಿಗಳು ಚೀರತೊಡಗಿದವು. ಗೊರವಂಕಗಳೂ ಸೇರಿಕೊಂಡವು. ಅಳಿಲು ಸಜ್ಜದ ಮೇಲೆ ಬಾಲ ಕುಣಿಸುತ್ತ ಒಂದೇ ಸಮ ಕಿರುಚುತ್ತಿತ್ತು. ನನಗೆ ರೇಗಿತು. ಮರಿ ಎತ್ತಿಕೊಡಲು ಹೋದರೂ ನಮ್ಮನ್ನೇ ಬೈಯುತ್ತಿವೆಯಲ್ಲ ಅಂದುಕೊಂಡೆ.

ಆಗ ಚಿನ್ನುವಿನ ಕೈಗಿಂತ ಒಂದು ಗೇಣು ಆಚೆ ಸೈಕಲ್ ಟ್ಯೂಬಿನಂಥದ್ದು ಕಂಡಿತು. ನಮ್ಮ ಮನೆಯಲ್ಲಿ ಸೈಕಲ್ಲೇ ಇಲ್ಲವಲ್ಲ ಎಂದು ಯೋಚಿಸಿದೆ. ಅಷ್ಟು ಯೋಚಿಸಲು ನನಗೆ ಸಮಯವಿತ್ತು. ಆ ಟ್ಯೂಬಿನ ತುದಿ ಎದ್ದು ಹೆಡೆಯಾಯಿತು.

ಕೂಗಬೇಕು. ಬಾಯಿ ತೆರೆದೆ. ಬಾಯಲ್ಲಿ ಹುಣಸೆಹಣ್ಣು ಇತ್ತು, ದನಿ ಇರಲಿಲ್ಲ. ಈ ಗಳಿಗೆಯನ್ನು ನಾನು ಮನಸ್ಸಿನಲ್ಲಿ ಎಷ್ಟು ಸಲ ತಿರುಗಿ ನೋಡಿದ್ದೇನೋ ಲೆಕ್ಕವಿಲ್ಲ. ಒಂದು ಸಲ ಓಡಿಹೋಗಿ ಅವಳ ಕಾಲು ಹಿಡಿದು ಎಳೆಯುತ್ತೇನೆ. ಒಂದು ಸಲ ಹುಣಸೆಯ ಮೊರವನ್ನೇ ಬೀಸಿ ಒಗೆಯುತ್ತೇನೆ. ನಿಜದಲ್ಲಿ ನಾನು ಮೆಟ್ಟಿಲ ಮೇಲೆ ಹಾಗೇ ಕೂತಿದ್ದೆ.

ಒಳಗಿನಿಂದ ಅಜ್ಜಿಯ ದನಿ ಬಂತು. "ಪವೀ, ಹಾವು ಕಣೇ! ಹಕ್ಕಿ ಹಂಗೆ ಕೂಗ್ತಾವೆ, ಕಿವಿ ಕೇಳ್ಸಲ್ವೇನೇ? ಎಲ್ಲೈತೆ ನೋಡು!"

ಅವಳು ಗೋಡೆ ಹಿಡಿದುಕೊಂಡು ಬಾಗಿಲಿಗೆ ಬಂದಳು. ನಾನು ಕೈ ತೋರಿಸಿದೆ. ಅವಳಿಗೆ ಕೈ ಎಷ್ಟು ಕಂಡಿತೋ, ಹಾವು ಎಷ್ಟು ಕಂಡಿತೋ. ಮುಳ್ಳಿನ ಹತ್ತಿರ ಮಲಗಿದ್ದ ಚಿನ್ನುವಿನ ಕೆಂಪು ಲಂಗ ಮಾತ್ರ ಕಂಡಿರಬೇಕು. ಅವಳು ನನ್ನ ಹೆಗಲು ಬಿಗಿಯಾಗಿ ಹಿಡಿದು ಮೆಲ್ಲಗೆ ಅಂದಳು: "ನೀವು ಆಡ್ತೀರಲ್ಲ, ಅಲ್ಲಾಡ್ದಂಗೆ ನಿಂತ್ಕಳಾದು. ಅದನ್ನ ಹೇಳು ಅವಳಿಗೆ."

"ಸ್ಟ್ಯಾಚು!" ಅಂದೆ. ಆ ಮಾತು ಮಾತ್ರ ಹೇಗೋ ಬಂತು.

ಆ ಆಟದಲ್ಲಿ ಚಿನ್ನುವನ್ನು ಯಾರೂ ಸೋಲಿಸಿದ್ದಿಲ್ಲ. ಮೂಗಿನ ಮೇಲೆ ನೊಣ ಕೂತರೂ ಅಲ್ಲಾಡುತ್ತಿರಲಿಲ್ಲ. ಹೇಗಿದ್ದಳೋ ಹಾಗೇ ಕಲ್ಲಾದಳು.

ಅಜ್ಜಿ ಹಾವಿನ ಜೊತೆ ಮಾತಾಡಿದಳು. "ಹೋಗಪ್ಪ, ನಿನ್ ಜಾಗಕ್ಕೆ ಹೋಗಪ್ಪ ತಂದೆ. ಕೂಸು ಕಣಪ್ಪ ಅದು, ಗೊತ್ತಾಗಲ್ಲ. ತನಿ ಎರಿತೀನಿ, ಹೋಗು." ಮನೆಗೆ ಬಂದ ನೆಂಟರನ್ನು ಬಾಗಿಲವರೆಗೆ ಕಳಿಸಿಕೊಡುವಾಗಿನ ದನಿ ಅದು.

ಎಷ್ಟು ಹೊತ್ತಾಯಿತೋ. ಹೆಡೆ ಇಳಿಯಿತು. ಮುಳ್ಳಿನ ಆಚೆ ಬದಿಯಿಂದ ಹಾವು ಹೊರಬಂದು, ಮೋಟು ಗೋಡೆಯ ಪಕ್ಕದಲ್ಲೇ ಹರಿದು, ರಾಗಿಹುಲ್ಲಿನ ಮೆದೆಯ ಕಡೆ ಹೋಯಿತು. ಅದರ ಹಿಂದೆಯೇ ಗೊರವಂಕಗಳು ಮೇಲೆ ಮೇಲೆ ಹಾರುತ್ತ ಬೈದುಕೊಂಡು ಹೋದವು. ಚಿನ್ನು ಇನ್ನೂ ಅಲ್ಲಾಡಿರಲಿಲ್ಲ. ಬಿಡಿಸುವ ಮಾತನ್ನೂ ನಾನೇ ಹೇಳಬೇಕಾಗಿತ್ತಲ್ಲ, "ಓವರ್" ಅಂದೆ. ಅವಳು ಸರಕ್ಕನೆ ಕೈ ಎಳೆದುಕೊಂಡು ಎದ್ದಳು. ಮುಷ್ಟಿಯಲ್ಲಿ ಮರಿ ಇತ್ತು.

ಕೈತುಂಬ ರಕ್ತದ ಚುಕ್ಕೆಗಳಿದ್ದವು.

"ಕಚ್ತೇನೇ?" ಅಜ್ಜಿ ಕೇಳಿದಳು.

"ಏನು ಕಚ್ಚೋದು? ಮುಳ್ಳಜ್ಜಿ."

ಅಮ್ಮ ಓಡಿ ಬಂದಳು, ದನದ ಕೊಟ್ಟಿಗೆಯಿಂದ ಅಪ್ಪ ಬಂದರು. ಅಮ್ಮ ಆ ಪುಟ್ಟ ಕೈಯನ್ನು ತೊಳೆದು ತೊಳೆದು ನೋಡಿದಳು. ಯಾವ ಚುಕ್ಕೆ ಮುಳ್ಳಿನದು, ಯಾವುದು ಹಲ್ಲಿನದು? ಮಣಿಕಟ್ಟಿನ ಹತ್ತಿರ ಎರಡು ಚುಕ್ಕೆ ಅಕ್ಕಪಕ್ಕ ಇದ್ದವು. ಅಲ್ಲಿಗೆ ಅಮ್ಮನ ಬೆರಳು ನಿಂತುಬಿಟ್ಟಿತು. ಬೆಕ್ಕಿಗೆಂದು ಅಪ್ಪ ತಂದ ಮುಳ್ಳು ನಮ್ಮ ಕಣ್ಣಿಗೇ ಅಡ್ಡ ಬಂದಿತ್ತು. ಅಪ್ಪ ಮೊಪೆಡ್ ಒದ್ದು ಸ್ಟಾರ್ಟ್ ಮಾಡಿದರು. ನಡುವೆ ಚಿನ್ನುವನ್ನು ಕೂರಿಸಿಕೊಂಡು ಮೂವರೂ ಬೇಲೂರಿನ ಆಸ್ಪತ್ರೆಗೆ ಹೋದರು.

ನಾನೂ ಅಜ್ಜಿಯೂ ಉಳಿದೆವು. ವಿಷಯ ತಿಳಿದು ಸಾಕಮ್ಮತ್ತೆ ಬಂದರು. ಅವರೇ ಒಲೆ ಹಚ್ಚಿ ಕಾಫಿ ಕಾಸಿ, ಬೇಡವೆಂದರೂ ಅಜ್ಜಿಗೆ ಕುಡಿಸಿದರು. ನನ್ನ ತಲೆ ಸವರುತ್ತ ಅಂದರು: "ನಮ್ ಕೆಂಚ ಇದ್ದಿದ್ರೆ ಇಲಿ ಇಷ್ಟಾಗ್ತಿರ್ಲಿಲ್ಲ ಕಣಮ್ಮ. ಇಲಿ ಇಲ್ದಿದ್ರೆ ಅದೂ ಈ ಕಡೆ ತಲೆ ಹಾಕ್ತಿರ್ಲಿಲ್ಲ."

ಅಜ್ಜಿ ನನ್ನ ಕಡೆ ತಿರುಗಿದಳು. ಪೊರೆ ಬಂದ ಕಣ್ಣಿಗೆ ನನ್ನ ಮುಖ ಕಾಣದು ಎಂದು ಗೊತ್ತಿದ್ದರೂ ತಲೆ ತಗ್ಗಿಸಿದೆ.

ಸಂಜೆ ಅಪ್ಪ ಒಬ್ಬರೇ ಬಂದರು. "ಏನೂ ಆಗಿಲ್ವಂತೆ. ಬೆಳಗಿನತನಕ ನೋಡಿ ಕಳಿಸ್ತಾರಂತೆ" ಎಂದು ಹೇಳಿ, ಜಗುಲಿಯ ಮೇಲೆ ಕೂತು ಅತ್ತರು. ಅಪ್ಪ ಅತ್ತದ್ದನ್ನು ನಾನು ನೋಡಿದ್ದು ಅದೊಂದೇ ಸಲ.

ಮರುದಿನ ಚಿನ್ನು ಬಿಸ್ಕತ್ ಪ್ಯಾಕೆಟ್ ಹಿಡಿದುಕೊಂಡು ಬಸ್ಸಿಳಿದಳು. "ಅಕ್ಕ, ಮರಿ ಎಲ್ಲಿ?" ಅಂದಳು. ನಾನು ಎತ್ತಿಟ್ಟಿದ್ದ ಶೂ ಡಬ್ಬಿಯಲ್ಲಿ ಅದು ಬೆಳಗಾಗುವಷ್ಟರಲ್ಲಿ ಸತ್ತಿತ್ತು. "ಹಾರಿಹೋಯ್ತು" ಅಂದೆ. ಸಾಕಮ್ಮತ್ತೆಗೆ ಸುಳ್ಳು ಹೇಳಿ ಅಭ್ಯಾಸವಾಗಿತ್ತಲ್ಲ, ಇದು ಸುಲಭವಾಗಿಯೇ ಬಂತು.

ಅಪ್ಪ ಜಾಲಿಮುಳ್ಳಿಗೆ ಬೆಂಕಿ ಕೊಟ್ಟರು. ಸೀಬೆ ಗಿಡದ ಒಂದು ಮಗ್ಗುಲು ಸುಟ್ಟು ಕರಿಯಾಯಿತು, ಅಮ್ಮ ಕಾಪಾಡಿದ್ದ ಹೂವೆಲ್ಲ ಉದುರಿತು. ಕುಡಿಕೆಯಲ್ಲಿ ಉಳಿದಿದ್ದ ಎರಡು ಮರಿ ಹಾರುವತನಕ ಅಜ್ಜಿ ಕಾದಳು. ಹಾರಿದ ದಿನ ತಾನೇ ಹೇಳಿದಳು: "ಇಳ್ಸೇ ಪವಿ ಅದನ್ನ. ಸಾಕು." ಅಷ್ಟು ಆಸೆಪಟ್ಟು ಕರೆಸಿಕೊಂಡವಳು, ಆಮೇಲೆ ಬದುಕಿದ್ದಷ್ಟು ದಿನ ಗುಬ್ಬಿಯ ಸುದ್ದಿ ಎತ್ತಲಿಲ್ಲ. ಅಪ್ಪ ತಂದುಕೊಟ್ಟ ಅಲಾರಾಮಿಗೇ ಏಳುತ್ತಿದ್ದಳು.

ಓದಿ, ಕೆಲಸ ಸಿಕ್ಕಿ, ನಾನೀಗ ಅರಸೀಕೆರೆಯಲ್ಲಿದ್ದೇನೆ. ಹೋದ ವರ್ಷ ಊರಿಗೆ ಹೋದಾಗ ಸಾಕಮ್ಮತ್ತೆಗೆ ಹೇಳಿಬಿಡಬೇಕೆಂದು ಗಟ್ಟಿ ಮನಸ್ಸು ಮಾಡಿ ಕೆಂಚನ ಮಾತೆತ್ತಿದೆ. "ಯಾವ್ ಬೆಕ್ಕೇ? ಎಷ್ಟೊಂದು ಸಾಕಿದ್ದೆ, ನೆಪ್ಪಿಲ್ಲ ಕಣಮ್ಮ" ಅಂದರು. ತಪ್ಪು ಒಪ್ಪಿಕೊಳ್ಳಲು ಹೋದರೆ ಅದನ್ನು ಮನಸ್ಸಿನಲ್ಲಿ ಇಟ್ಟುಕೊಂಡವಳು ನಾನೊಬ್ಬಳೇ. ಚಿನ್ನುವಿಗಂತೂ ಆ ದಿನದಿಂದ ನೆನಪಿರುವುದು ಬಿಸ್ಕತ್ತು. ಅವಳು ಈಗಲೂ ಕಟ್ಟಿಗೆ ರಾಶಿಯೊಳಗೆ, ಮಂಚದ ಕೆಳಗೆ ಎಗ್ಗಿಲ್ಲದೆ ಕೈ ಹಾಕುತ್ತಾಳೆ. ನಾನು ಬೆಳಿಗ್ಗೆ ಚಪ್ಪಲಿಯನ್ನೂ ಕೊಡವಿ ಹಾಕಿಕೊಳ್ಳುವುದನ್ನು ನೋಡಿ, "ಏನಕ್ಕ ನಿಂದು" ಎಂದು ನಗುತ್ತಾಳೆ.

ಎರಡು ವರ್ಷದ ಹಿಂದೆ ಅರಸೀಕೆರೆಯ ಮನೆಯ ಗೋಡೆಗೆ ಒಂದು ಮರದ ಗೂಡು ಹೊಡೆಸಿದೆ. ಹತ್ತಿರದಲ್ಲಿ ಗಿಡವಿಲ್ಲ, ಬೆಕ್ಕು ಏರಲಾರದು, ಕೆಳಗೆ ಮುಳ್ಳಿಲ್ಲ. ಒಂದು ಹಿಡಿ, ಸರಿಯಾಗಿ ಒಂದೇ ಹಿಡಿ ನುಚ್ಚು ಇಡುತ್ತೇನೆ. ಆವತ್ತು ಗೊತ್ತಿರಬೇಕಾಗಿದ್ದದ್ದೆಲ್ಲ ಈಗ ಗೊತ್ತಿದೆ. ಗುಬ್ಬಿ ಮಾತ್ರ ಬಂದಿಲ್ಲ. ಬೆಳಿಗ್ಗೆ ಇಟ್ಟ ನುಚ್ಚನ್ನು ಸಂಜೆಯೇ ಗುಡಿಸಿ ತೆಗೆಯುತ್ತೇನೆ.

ನನ್ನ ಮಗಳಿಗೆ ಈಗ ನಾಲ್ಕು ವರ್ಷ. ಹಿತ್ತಲಿನಲ್ಲಿ ಹೂಕುಂಡಗಳ ಸಂದಿಗೆ ಚೆಂಡು ಉರುಳಿದರೆ ಬಗ್ಗಿ ಕೈ ಹಾಕುತ್ತಾಳೆ. ನಾನು ಸೌಟು ಹಿಡಿದುಕೊಂಡೇ ಅಡಿಗೆಮನೆಯ ಕಿಟಕಿಗೆ ಬಂದು ಕಿವಿಗೊಡುತ್ತೇನೆ. ಏನೂ ಕೇಳಿಸುವುದಿಲ್ಲ. ಅಜ್ಜಿಯ ಕಾಲದಲ್ಲಿ ಹಕ್ಕಿ ಕೂಗದಿದ್ದರೆ ಹೆದರಿಕೆ ಇಲ್ಲವೆಂದು ಅರ್ಥ. ಇಲ್ಲಿ ಕೂಗುವುದಕ್ಕೆ ಹಕ್ಕಿಯೇ ಇಲ್ಲ. ಒಲೆ ಆರಿಸಿ, ಹೊರಗೆ ಹೋಗಿ, ಒಂದೊಂದು ಕುಂಡವನ್ನೂ ನಾನೇ ಸರಿಸಿ ನೋಡುತ್ತೇನೆ.