ಮದ್ರಾಸಿನ ಕಾಗದ

ದೆವ್ವ ಕಂಡೆ ಎಂದವರಿಗೆಲ್ಲ ‘ಮೊದಲು ಕಣ್ಣು ತೋರಿಸಿಕೊಂಡು ಬಾ’ ಎನ್ನುತ್ತಿದ್ದವಳು ನಾನು. ಬಳ್ಳಾರಿಯ ಹೈಸ್ಕೂಲೊಂದರಲ್ಲಿ ವಿಜ್ಞಾನ ಕಲಿಸುತ್ತಿದ್ದೆ. ಅದರ ಸೊಕ್ಕೂ ಸ್ವಲ್ಪ ಇತ್ತು. ಈಗಲೂ ಅಂಥದ್ದನ್ನೆಲ್ಲ ನಂಬುವವಳಲ್ಲ. ಆದರೆ ಎಪ್ಪತ್ತರ ದಶಕದ ಕೊನೆಯ ಒಂದು ಮಧ್ಯಾಹ್ನದ ಮಟ್ಟಿಗೆ ನನ್ನ ಬಾಯಿ ಕಟ್ಟಿದೆ.

ನನ್ನ ತಂಗಿ ಗಿರಿಜಾಳನ್ನು ಸಿರುಗುಪ್ಪದ ಅಕ್ಕಿ ಗಿರಣಿಯವರ ಮನೆಗೆ ಕೊಟ್ಟಿದ್ದೆವು. ಮೈ ಬಹಳ ದಪ್ಪ. ಗಿರಣಿಯ ತಕ್ಕಡಿಯ ಮೇಲೆ ನಿಲ್ಲಿಸಿ ‘ಒಂದೂವರೆ ಚೀಲ’ ಎಂದು ನಕ್ಕವರೂ ಆ ಮನೆಯಲ್ಲಿದ್ದರು. ಮಕ್ಕಳೂ ಆಗಲಿಲ್ಲ. ಕೊನೆಗೆ ಗಂಡ ಅವಳನ್ನು ಮದ್ರಾಸಿಗೆ ಕರೆದೊಯ್ದು, ತೂಕ ಇಳಿಯಲೆಂದು ಕರುಳು ಕತ್ತರಿಸಿ ಬೇರೆ ಕಡೆ ಜೋಡಿಸುವ ಆಪರೇಷನ್ ಮಾಡಿಸಿದ. ಆಗ ನಮ್ಮ ಕಡೆ ಅಂಥದ್ದನ್ನು ಕೇಳಿದವರೇ ಇರಲಿಲ್ಲ. ಮನೆಯವರಿಗೆಲ್ಲ ಅಪೆಂಡಿಕ್ಸ್ ಎಂದು ಹೇಳಿದರು. ಮುಂದೆ ಬಸುರಾಗಿ ಹೊಟ್ಟೆನೋವು ಬಂದರೆ ತಕ್ಷಣ ಡಾಕ್ಟರಿಗೆ ತೋರಿಸಿ ಎಂದು ಅಲ್ಲಿಯವರು ಕೊಟ್ಟ ಕಾಗದವನ್ನು ಗಿರಿಜಾ ನನ್ನ ಕೈಗಿಟ್ಟಳು. ಅತ್ತೆಯ ಕಣ್ಣಿಗೆ ಬೀಳಬಾರದಲ್ಲ! ನಾನದನ್ನು ಶಾಲೆಯ ಬೀರುವಿನಲ್ಲಿಟ್ಟೆ. ವಿಷಯ ಗೊತ್ತಿದ್ದದ್ದು ನಮ್ಮ ಮೂವರಿಗೇ.

ಮೂರು ವರ್ಷಕ್ಕೆ ಬಸುರಾದಳು. ಏಳನೇ ತಿಂಗಳಲ್ಲಿ ಹಸಿರು ಬಳೆ ತೊಡಿಸುವ ಕುಬಸ ಕುರುಗೋಡಿನ ನಮ್ಮ ತವರಿನಲ್ಲಿ. ಗಂಡ ಗಿರಣಿ ಬಿಟ್ಟು ಬಂದಿರಲಿಲ್ಲ. ನನಗೂ ಅವತ್ತು ಪರೀಕ್ಷೆಯ ಕೆಲಸ. ಹನ್ನೆರಡರ ಸುಮಾರಿಗೆ ಸ್ಟಾಫ್ ರೂಮಿನ ಬಾಗಿಲಲ್ಲಿ ಹುಸೇನಮ್ಮ ನಿಂತಿದ್ದಳು, ಕಂಕುಳಲ್ಲಿ ಬಳೆಬುಟ್ಟಿ. ನಾವು ಹುಟ್ಟಿದಾಗಿನಿಂದ ನಮಗೆ ಬಳೆ ತೊಡಿಸಿದ ಕುರುಗೋಡಿನ ಬಳೆಗಾರ್ತಿ ಅವಳು.

“ಯವ್ವಾ, ಸಣ್ಣಾಕಿಗೆ ಹೊಟ್ಟಿ ಭಾಳ ನೋಯಾಕ ಹತ್ತೈತಿ. ಮದ್ರಾಸ್ ಕಾಗದ ತರಬೇಕಂತ. ಲಗೂನ ಹೋಗು” ಎಂದಳು.

ಬಸ್ಸಿಗೆ ಬಂದಿರಬೇಕು ಎಂದುಕೊಂಡೆ. ಬೀರುವಿನಿಂದ ಕಾಗದ ತೆಗೆದು ತಿರುಗಿದರೆ ಅವಳಿರಲಿಲ್ಲ. ಯೋಚಿಸುತ್ತ ನಿಲ್ಲದೆ ಬಾಡಿಗೆ ಕಾರು ಮಾಡಿಕೊಂಡು ಓಡಿದೆ.

ಕುರುಗೋಡಿನಲ್ಲಿ ಗಿರಿಜಾ ಹಸಿರು ಬಳೆಯ ಕೈಗಳಿಂದ ಹೊಟ್ಟೆ ಹಿಡಿದುಕೊಂಡು ಹೊರಳಾಡುತ್ತಿದ್ದಳು. ವಾಂತಿ ನಿಂತಿರಲಿಲ್ಲ. ಅವ್ವ ಓಂಕಾಳಿನ ನೀರು ಕುದಿಸುತ್ತಿದ್ದಳು.

“ಹೋಳಿಗಿ, ತುಪ್ಪ ಜಾಸ್ತಿ ಆಗೈತಿ ಬಿಡ್ರಿ. ವಾಯು ಅಷ್ಟ” ಎಂದರು ಗಿರಿಜಾಳ ಅತ್ತೆ.

ನಾನು ಎಲ್ಲರೆದುರು ಕಾಗದ ಬಿಚ್ಚಿ ನಿಜ ಹೇಳಿಬಿಟ್ಟೆ. ಬೈಯಲು ಯಾರಿಗೂ ಪುರುಸೊತ್ತು ಕೊಡದೆ ಅವಳನ್ನು ಅದೇ ಕಾರಿನಲ್ಲಿ ಮಲಗಿಸಿಕೊಂಡು ಬಳ್ಳಾರಿಗೆ ಬಂದೆ.

ಕಾಗದ ಓದಿದ ಲೇಡಿ ಡಾಕ್ಟರು ಆಗಲೇ ಸರ್ಜನ್ನರನ್ನು ಕರೆಸಿದರು. “ಇದಿಲ್ಲದಿದ್ರ ನಾನೂ ಹೆರಿಗಿ ನೋವು ಅಂತ ಸಂಜೀತನಕ ಕಾಯ್ತಿದ್ದೆ” ಎಂದರು. ಜೋಡಿಸಿದ ಕರುಳು ತಿರುಚಿಕೊಂಡು ಇನ್ನೇನು ಕೊಳೆಯುವುದರಲ್ಲಿತ್ತಂತೆ. ಬಿಡಿಸಿದರು. ತಾಯಿ ಉಳಿದಳು, ಹೊಟ್ಟೆಯಲ್ಲಿನ ಕೂಸೂ ಉಳಿಯಿತು. ಎರಡು ತಿಂಗಳ ಮೇಲೆ ಹೆಣ್ಣುಮಗು ಹುಟ್ಟಿ ಇಡೀ ವಾರ್ಡಿಗೆ ಕೇಳುವಂತೆ ಅತ್ತಿತು. ಗೆದ್ದೆವು! ಬೈಯಬೇಕಾಗಿದ್ದ ಅತ್ತೆ, ಗಿರಣಿಯ ಅದೇ ತಕ್ಕಡಿಯಲ್ಲಿ ಮೊಮ್ಮಗಳ ತೂಕದಷ್ಟು ಸಕ್ಕರೆ ತೂಗಿಸಿ ಓಣಿಗೆಲ್ಲ ಹಂಚಿದರು.

ಆ ಸಂತೋಷದಲ್ಲಿ ಹುಸೇನಮ್ಮನಿಗೊಂದು ಸೀರೆ ಕೊಡಲು ಕುರುಗೋಡಿಗೆ ಹೋದೆ. ಅವಳು ಸೀರೆ ಮುಟ್ಟಲಿಲ್ಲ. ಕಣ್ಣು ತುಂಬಿಕೊಂಡಳು.

“ನನಗ್ಯಾಕ ಯವ್ವಾ ಸೀರಿ? ಬಳಿ ಇಡುವಾಗ ಸಣ್ಣಾಕಿ ಕಿವ್ಯಾಗ ಹೇಳಿದ್ಲು, ಮದ್ರಾಸ್ ಕಾಗದ ತಗೊಂಡು ಬಾ ಅಂತ ಅಕ್ಕಗ ಯಾರ ಕೈಲಾದ್ರೂ ಹೇಳಿ ಕಳಸು ಅಂತ. ಹೂಂ ಅಂದಿದ್ದೆ. ಊಟಕ್ಕ ಕುಂತು ಮರತೇಬಿಟ್ಟೆ. ತಪ್ಪಾತು, ಹೊಟ್ಟಿಗೆ ಹಾಕ್ಕೋ.”

ಅವ್ವನನ್ನು ಕೇಳಿದೆ, ಬಡಿಸಿದವರನ್ನು ಕೇಳಿದೆ. ಅವತ್ತು ಹನ್ನೆರಡು ಗಂಟೆಗೆ ಹುಸೇನಮ್ಮ ನಮ್ಮ ಮನೆಯ ಪಡಸಾಲೆಯಲ್ಲಿ ಎಲೆಯ ಮುಂದೆ ಕೂತಿದ್ದಳಂತೆ. ಎರಡನೇ ಸಲ ಹೋಳಿಗೆ ಹಾಕಿಸಿಕೊಂಡದ್ದೂ ಅವ್ವನಿಗೆ ನೆನಪಿತ್ತು.

ಸೀರೆಯನ್ನು ಅವಳ ಮಡಿಲಿಗೆ ಹಾಕಿ ಬಂದೆ. ಯಾವ ಹುಸೇನಮ್ಮನಿಗೆ ಕೊಡಬೇಕಾಗಿತ್ತೋ, ಇಂದಿಗೂ ಗೊತ್ತಾಗಿಲ್ಲ.